ವಲೆನ್ಸಿಯಾದಲ್ಲೊಂದು ಭಾನುವಾರದ ಊಟ

ಸ್ಪೇನಿನ ಪಾಯೆಯಾ ಎಂಬ ಅನ್ನದ ಅಡುಗೆ ತಿನ್ನುವುದಾದರೆ ಯಾರದಾದರೂ ಮನೆಯಲ್ಲಿ ತಿನ್ನಬೇಕು, ಅದೂ ಭಾನುವಾರ ಮಧ್ಯಾಹ್ನ. ನನಗೆ ಆ ಭಾಗ್ಯ ಸಿಕ್ಕಿದ್ದು ವಲೆನ್ಸಿಯಾದಲ್ಲಿ, ಸಹೋದ್ಯೋಗಿಯ ಅಪ್ಪ-ಅಮ್ಮನ ಮನೆಯಲ್ಲಿ. ಊರಿನ ದಕ್ಷಿಣಕ್ಕೆ ಅಲ್ಬುಫೇರಾ ಎಂಬ ದೊಡ್ಡ ಸರೋವರವಿದೆ. ಸುತ್ತಲೂ ಭತ್ತದ ಗದ್ದೆ. ಅರಬರು ಆಳುತ್ತಿದ್ದ ಕಾಲದಿಂದಲೂ ಈ ಕಡೆ ಭತ್ತ ಬೆಳೆಯುತ್ತಾರೆ. ಯುರೋಪಿನಲ್ಲಿ ಹಸಿರು ಗದ್ದೆ ಕಂಡಾಗ ಆದ ಖುಷಿಯನ್ನು ಅನ್ನ ಉಣ್ಣುವವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಬಾಗಿಲಲ್ಲೇ ಮನೆಯ ಹೆಂಗಸರೆಲ್ಲ ಬಂದು ಎರಡೂ ಕೆನ್ನೆಗೆ ಕೆನ್ನೆ ತಾಗಿಸಿ ಬರಮಾಡಿಕೊಂಡರು. ಯಜಮಾನರು ಮಾತ್ರ ಹಿತ್ತಲಿನಿಂದಲೇ ಕೈಬೀಸಿದರು. ಒಲೆ ಬಿಟ್ಟು ಬರುವ ಹಾಗಿರಲಿಲ್ಲ. ಭಾನುವಾರದ ಪಾಯೆಯಾ ಆ ಮನೆಯಲ್ಲಿ ಅಪ್ಪನ ಕೆಲಸ.

ಉರಿಯುತ್ತಿದ್ದದ್ದು ಕಿತ್ತಳೆ ಮರದ ಸೌದೆ. ಮೇಲೆ ಅಗಲವಾದ, ಆಳವಿಲ್ಲದ ಬಾಣಲೆ. ಆಲಿವ್ ಎಣ್ಣೆಯಲ್ಲಿ ಕೋಳಿ, ಮೊಲದ ತುಂಡುಗಳು ಕೆಂಪಗಾಗುವ ತನಕ ಅವರು ಒಂದಿಷ್ಟೂ ಅವಸರ ಮಾಡಲಿಲ್ಲ. ಆಮೇಲೆ ಚಪ್ಪಟೆ ಹುರುಳಿಕಾಯಿ, ತುರಿದ ಟೊಮೆಟೊ, ಕೆಂಪು ಮೆಣಸಿನ ಪುಡಿ, ನೀರು, ಕೇಸರಿ. ಜೊತೆಗೆ ಗರೊಫೊ ಎಂಬ ದಪ್ಪ ಬಿಳಿ ಕಾಳು. ಅದು ನಮ್ಮ ಡಬಲ್ ಬೀನ್ಸ್ ಜಾತಿಯದೇ. ಸೀಗಡಿ, ಮೀನು ಹಾಕುವುದಿಲ್ಲವೇ ಅಂದೆ. ಅದು ಬೇರೆ ಬಗೆಯಂತೆ, ಹೊಲಗದ್ದೆಯವರ ಪಾಯೆಯಾ ಇದೇ ಅಂತೆ.

ಕೊನೆಗೆ ಬಿತ್ತು ಅಕ್ಕಿ. ಬಾಣಲೆ ತುಂಬ ಸಮನಾಗಿ ಹರಡಿದರು, ಅಷ್ಟೇ. ಅಲ್ಲಿಂದ ಮುಂದೆ ಸೌಟು ಆಡಿಸುವಂತಿಲ್ಲ! ಹೆಚ್ಚುಕಡಿಮೆ 20 ನಿಮಿಷ ಅವರು ಆಡಿಸಿದ್ದು ಬರೀ ಸೌದೆಯನ್ನು. ಇಲ್ಲಿ ಎಳೆದು, ಅಲ್ಲಿ ತಳ್ಳಿ, ಉರಿಯನ್ನು ಹದಕ್ಕೆ ತಂದರು. ನೀರು ಇಂಗಿದಾಗ ತಳದಲ್ಲಿ ಚಟಪಟ ಸದ್ದು. ಅವರ ಮುಖದಲ್ಲಿ ನಗು. ತಳ ಹಿಡಿದು ಗರಿಗರಿಯಾಗುವ ಆ ಅನ್ನಕ್ಕೆ ಸೊಕರಾಟ್ ಅನ್ನುತ್ತಾರೆ. ಮನೆಯವರೆಲ್ಲ ಕಾಯುವುದು ಅದಕ್ಕೇ.

ಬಾಣಲೆಯನ್ನೇ ಮೇಜಿನ ನಡುವೆ ತಂದಿಟ್ಟರು. ತಟ್ಟೆ ಇಲ್ಲ. ಎಲ್ಲರ ಕೈಗೂ ಒಂದೊಂದು ಮರದ ಚಮಚ. ನಮ್ಮ ಮುಂದಿನ ಪಾಲನ್ನು ಮಾತ್ರ ಅಂಚಿನಿಂದ ನಡುವಿನ ಕಡೆಗೆ ತಿನ್ನುತ್ತ ಹೋಗಬೇಕು. ಎಂಜಲಿನ ಲೆಕ್ಕದಲ್ಲಿ ಬೆಳೆದ ನನಗೆ ಮೊದಲ ಚಮಚ ಕಷ್ಟವಾಯಿತು. ಎರಡನೆಯದಕ್ಕೆ ಆ ಯೋಚನೆಯೇ ಇರಲಿಲ್ಲ. ಅಷ್ಟು ರುಚಿ. ಒಂದೊಂದು ಅಗುಳೂ ಬಿಡಿಬಿಡಿ, ಒಳಗೆಲ್ಲ ಮಾಂಸದ ಸಾರ, ಮೇಲೆ ತೆಳುವಾದ ಹೊಗೆಯ ಘಮ. ಮನೆಯೊಡತಿ ತಮ್ಮ ಪಾಲಿನ ಮೊಲದ ತುಂಡನ್ನು ಸದ್ದಿಲ್ಲದೆ ನನ್ನ ಕಡೆಗೆ ತಳ್ಳಿದರು.

ಊಟ ಮುಗಿದಾಗ ನಾಲ್ಕರ ಹತ್ತಿರ. ಯಾರೂ ಏಳಲಿಲ್ಲ. ಹಣ್ಣು ಬಂತು, ಕಾಫಿ ಬಂತು, ಮಾತು ಬೆಳೆಯಿತು. ಮುಸಂಜೆಯವರೆಗೂ ಹಾಗೇ ಕೂತಿದ್ದೆವು. ಮೊಮ್ಮಕ್ಕಳ ಪರೀಕ್ಷೆ, ಕಿತ್ತಳೆಗೆ ಸಿಗುವ ಬೆಲೆ, ಫುಟ್‌ಬಾಲ್ ಜಗಳ, ನಮ್ಮ ಮಂಡ್ಯದ ಗದ್ದೆ, ಎಲ್ಲವೂ ಬಂದು ಹೋದವು. ಈ ಹೊತ್ತನ್ನು ಅವರು ಊಟದಷ್ಟೇ ಜೋಪಾನವಾಗಿ ಕಾಪಾಡಿಕೊಂಡಿದ್ದಾರೆ. ಈ ಪದ್ಧತಿ ನನಗೆ ಪಾಯೆಯಾಕ್ಕಿಂತಲೂ ಜಾಸ್ತಿ ಹಿಡಿಸಿತು.

ನೀವು ಆ ಕಡೆ ಹೋದರೆ ಒಂದು ಮಾತು. ರಾತ್ರಿ ಊಟಕ್ಕೆ ಪಾಯೆಯಾ ಕೇಳಬೇಡಿ. ಅಲ್ಲಿಯವರಿಗೆ ಅದು ಮಧ್ಯಾಹ್ನದ ಊಟ. ಸೌದೆ ಒಲೆ ಇರುವ ಕಡೆ ಹುಡುಕಿಕೊಂಡು ಹೋಗಿ. ಆಮೇಲೆ ಸಂಜೆಗೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.