ಹಾಸನದ ಟಿಟಿ ತಂಡದ ಜೊತೆ ಚಿಕ್ಕಮಗಳೂರಿಗೆ

ನಮ್ಮ ಭಾವ ಹಾಸನದ ಟೇಬಲ್ ಟೆನಿಸ್ ತಂಡದಲ್ಲಿ ಆಡುತ್ತಾರೆ. ಆಗಸ್ಟ್‌ನ ಒಂದು ಭಾನುವಾರ ಚಿಕ್ಕಮಗಳೂರಿನವರ ಮೇಲೆ ಲೀಗ್ ಮ್ಯಾಚ್ ಇತ್ತು. "ವ್ಯಾನಲ್ಲಿ ಒಂದು ಸೀಟ್ ಖಾಲಿ ಇದೆ, ಬರ್ತೀಯೇನೋ?" ಅಂತ ಫೋನ್ ಮಾಡಿದರು. ಶನಿವಾರ ಸಂಜೆಯೇ ಬೆಂಗಳೂರಿನಿಂದ ಬಸ್ ಹತ್ತಿದೆ. ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ ದಾಟಿ ಹಾಸನದಲ್ಲಿ ಇಳಿದಾಗ ಸಣ್ಣಗೆ ಮಳೆ ಹನಿಯುತ್ತಿತ್ತು.

ಬೆಳಿಗ್ಗೆ ವ್ಯಾನಿನಲ್ಲಿ ಎಲ್ಲ ವಯಸ್ಸಿನವರೂ ಇದ್ದರು. ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು, ಬ್ಯಾಂಕ್‌ನಲ್ಲಿ ಕೆಲಸ ಮಾಡುವ ಇಬ್ಬರು, ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ, ಜೊತೆಗೆ ಅವಳ ಅಮ್ಮ. ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಚಿಕ್ಕಮಗಳೂರಿಗೆ ಇನ್ನೊಂದು 25. ದಾರಿಯುದ್ದಕ್ಕೂ ಹಸಿರು, ಜೋಳದ ಹೊಲ, ತುಂಬಿದ ಕೆರೆಗಳು. ಬೇಲೂರಿನಲ್ಲಿ ಇಡ್ಲಿ ತಿಂದು, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನಿಗೆ ವ್ಯಾನಿನಿಂದಲೇ ಕೈ ಮುಗಿದು ಮುಂದೆ ಹೊರಟೆವು.

ಲೀಗಿನ ಕಥೆ ಹೇಳಿದ್ದು ಮೇಷ್ಟ್ರು. ಕೊರೊನಾ ಕಾಲದಲ್ಲಿ ಆಡುವ ಹಾಲ್‌ಗಳಿಗೆಲ್ಲ ಬೀಗ ಬಿತ್ತು. ಮತ್ತೆ ಬಾಗಿಲು ತೆಗೆದಾಗ ಆಡೋಕೆ ಬರುವವರು ನಾಲ್ಕೈದು ಜನ. ದಿನಾ ಅದೇ ಮುಖ, ಅದೇ ಸರ್ವ್. ಹಾಸನದವರೇ ಮೊದಲು ಚಿಕ್ಕಮಗಳೂರಿಗೆ ಫೋನ್ ಮಾಡಿ, "ಒಂದು ಭಾನುವಾರ ಬರ್ತೀವಿ, ಆಡೋಣ" ಅಂದರು. ಆಮೇಲೆ ಅವರು ಇಲ್ಲಿಗೆ ಬಂದರು. ಸಕಲೇಶಪುರದ ಕಾಫಿ ಬೆಳೆಗಾರರಿಗೆ ಸುದ್ದಿ ಮುಟ್ಟಿತು, ಅರಸೀಕೆರೆಯ ಹುಡುಗರೂ ಸೇರಿಕೊಂಡರು. ಯಾರೂ ಸಭೆ ಕರೆದು ಶುರು ಮಾಡಿದ ಲೀಗ್ ಅಲ್ಲ ಇದು. ಇವತ್ತಿಗೂ ಕಪ್ ಇಲ್ಲ, ಬಹುಮಾನದ ದುಡ್ಡಿಲ್ಲ. ಅಂಕಪಟ್ಟಿ ಮಾತ್ರ ಕಟ್ಟುನಿಟ್ಟು.

"ನಮ್ಮ ಮಕ್ಕಳಿಗೆ ಮ್ಯಾಚೇ ಸಿಗಲ್ಲ ಕಣಪ್ಪಾ," ಅಂದರು ಮೇಷ್ಟ್ರು. ಅವರ ಮಾತು ನೂರಕ್ಕೆ ನೂರು ನಿಜ. ನಾಕೌಟ್ ಟೂರ್ನಮೆಂಟಿಗೆ ಅಂತ ಮಗುವನ್ನು ಕರೆದುಕೊಂಡು ಅಪ್ಪ ಅಮ್ಮ ಬೆಳಗಿನ ಜಾವ ಬೆಂಗಳೂರಿಗೆ ಹೋಗುತ್ತಾರೆ. ಮೊದಲ ರೌಂಡಿನಲ್ಲೇ ಎರಡು ಹೊತ್ತು ಕೋಚಿಂಗ್ ಪಡೆಯುವ ಮಗು ಎದುರಾಗುತ್ತದೆ. 11 ಪಾಯಿಂಟಿನ ಮೂರು ಗೇಮ್ ಸೋಲೋಕೆ ಕಾಲು ಗಂಟೆ ಸಾಕು. ಮತ್ತೆ ಮೆಜೆಸ್ಟಿಕ್, ಮತ್ತೆ ಬಸ್ಸು. 2001ರವರೆಗೆ ಗೇಮ್ 21 ಪಾಯಿಂಟಿನದಾಗಿತ್ತು, ಸೋಲುವವರಿಗೂ ಕಲಿಯೋಕೆ ಸ್ವಲ್ಪ ಹೊತ್ತು ಸಿಗುತ್ತಿತ್ತು. ಈಗ ಆ ಹೊತ್ತನ್ನು ನಾವೇ ಮಾಡಿಕೊಡಬೇಕು. ಸಣ್ಣ ಊರುಗಳಿಗೆ ತಂಡಗಳ ಲೀಗ್ ಬೇಕು ಅಂತ ನಾನು ಹೇಳುವುದು ಇದಕ್ಕೇ. ಇಲ್ಲಿ ಸೋತವರೂ ಮುಂದಿನ ಸುತ್ತಿಗೆ ಮತ್ತೆ ಬ್ಯಾಟ್ ಹಿಡಿಯುತ್ತಾರೆ.

ಆಟದ ಕ್ರಮವನ್ನು ಇವರು ತೆಗೆದುಕೊಂಡದ್ದು ದೇಶದ ದೊಡ್ಡ ಲೀಗ್ ಆದ ಅಲ್ಟಿಮೇಟ್ ಟೇಬಲ್ ಟೆನಿಸ್‌ನಿಂದ. ಅದಕ್ಕೂ ವಯಸ್ಸು ಜಾಸ್ತಿ ಆಗಿಲ್ಲ. 2017ರಲ್ಲಿ ಆರು ತಂಡಗಳೊಂದಿಗೆ ಶುರುವಾಯಿತು. 2019ರ ನಂತರ ನಿಂತು, 2023ರಲ್ಲಿ ಪುಣೆಯಲ್ಲಿ ಮತ್ತೆ ನಡೆಯಿತು. 2024ಕ್ಕೆ ತಂಡಗಳು ಎಂಟಾದವು. ಆ ಎರಡೂ ವರ್ಷ ಗೆದ್ದದ್ದು ಗೋವಾ ಚಾಲೆಂಜರ್ಸ್. ಅಲ್ಲಿ ಎರಡು ತಂಡ ಎದುರಾದರೆ ಐದು ಮ್ಯಾಚ್, ಪ್ರತಿ ಮ್ಯಾಚಿಗೆ ಮೂರು ಗೇಮ್. ಗೆದ್ದ ಪ್ರತಿ ಗೇಮಿಗೂ ತಂಡಕ್ಕೆ ಒಂದು ಅಂಕ. ಮ್ಯಾಚ್ ಸೋತರೂ ಒಂದು ಗೇಮ್ ಕಿತ್ತುಕೊಂಡರೆ ಆ ಅಂಕ ತಂಡದ ಲೆಕ್ಕಕ್ಕೆ ಬರುತ್ತದೆ. 10-10 ಆದರೆ ಒಂದೇ ಪಾಯಿಂಟಿಗೆ ತೀರ್ಮಾನ. ಮೇಷ್ಟ್ರ ಕಾಲದಲ್ಲಿ ಸ್ವೇತ್ಲಿಂಗ್ ಕಪ್ ಪದ್ಧತಿ. 1926ರ ಲಂಡನ್ ವಿಶ್ವ ಚಾಂಪಿಯನ್‌ಶಿಪ್‌ನಿಂದ ಬಂದದ್ದು ಅದು. ಮೂವರಿಗೆ ಮೂವರು, ಒಟ್ಟು ಒಂಬತ್ತು ಸಿಂಗಲ್ಸ್, ಮೊದಲು ಐದು ಗೆದ್ದವರದ್ದು ಟೈ, ಅಂದರೆ ಎರಡು ತಂಡಗಳ ನಡುವಿನ ಇಡೀ ಪಂದ್ಯ. ಅದರಲ್ಲಿ ಡಬಲ್ಸೇ ಇರಲಿಲ್ಲ. ಹಾಸನದವರ ಈ ಲೀಗಿನಲ್ಲಿ ಒಂದು ಮಹಿಳಾ ಸಿಂಗಲ್ಸ್, ಒಂದು ಮಿಕ್ಸೆಡ್ ಡಬಲ್ಸ್ ಇರಲೇಬೇಕು. ಹಾಗಾಗಿ ಪ್ರತಿ ಊರೂ ಹುಡುಗಿಯರನ್ನು ಹುಡುಕಿ ಆಡಿಸಲೇಬೇಕು. ನನಗೆ ತುಂಬಾ ಹಿಡಿಸಿದ ನಿಯಮ ಇದು.

ಆ ಹುಡುಗಿಯ ಫೋನಿನಲ್ಲಿ ಬೆಂಗಳೂರಿನ ಅರ್ಚನಾ ಕಾಮತ್ ಆಟ ಓಡುತ್ತಿತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಮಹಿಳಾ ತಂಡ ಮೊದಲ ಸಲ ಆಡಿ ಕ್ವಾರ್ಟರ್ ಫೈನಲ್ ತಲುಪಿತು, ಅಲ್ವಾ? ಜರ್ಮನಿ ಎದುರು 1-3ರಲ್ಲಿ ಸೋತಿತು. ಆ ಒಂದು ಗೆಲುವು ಅರ್ಚನಾ ಅವರದು.

ಚಿಕ್ಕಮಗಳೂರು ಮುಟ್ಟುವಾಗ ಮಳೆ ಜೋರಾಯಿತು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಇರಲಿ, ಊರಂಚಿನ ಗುಡ್ಡವೂ ಮೋಡದಲ್ಲಿ ಮುಚ್ಚಿತ್ತು. ಹಾಲ್‌ನಲ್ಲಿ ಫ್ಯಾನ್ ಹಾಕುವಂತಿಲ್ಲ. ಬಾಲ್ ತೂಕ ಬರೀ 2.7 ಗ್ರಾಂ, ಗಾಳಿಗೆ ದಾರಿ ತಪ್ಪುತ್ತದೆ. ಮಲೆನಾಡಿನ ಥಂಡಿಯೇ ಇಲ್ಲಿ ಇನ್ನೊಬ್ಬ ಆಟಗಾರ. ತೇವಕ್ಕೆ ಬ್ಯಾಟಿನ ರಬ್ಬರ್ ಮೇಲೆ ಮಂಜಿನಂಥ ಪದರ ಕೂರುತ್ತದೆ, ಬಾಲ್ ಹಿಡಿತಕ್ಕೆ ಸಿಗದೆ ಜಾರಿ ನೆಟ್ಟಿಗೆ ಬೀಳುತ್ತದೆ. ಪಾಯಿಂಟ್ ಮುಗಿದಾಗೆಲ್ಲ ಎಲ್ಲರೂ ರಬ್ಬರನ್ನು ಟೀ ಶರ್ಟಿಗೆ ಉಜ್ಜುತ್ತಿದ್ದರು. ಭಾವ ಎರಡು ಬ್ಯಾಟ್ ತಂದಿದ್ದರು, ಒಂದು ಸದಾ ಕವರಿನೊಳಗೆ.

ನಾಲ್ಕು ಮ್ಯಾಚ್ ಮುಗಿದಾಗ 6-6. ಉಳಿದದ್ದು ಮಿಕ್ಸೆಡ್ ಡಬಲ್ಸ್. ನಮ್ಮ ಕಡೆ ಭಾವ, ಆ ಹುಡುಗಿ. ಎದುರಿಗೆ ಒಬ್ಬ ಹಿರಿಯ ಬೆಳೆಗಾರರು, ಅವರ ಸೊಸೆ. ಹಿರಿಯರ ಬ್ಯಾಟಿನ ಬ್ಯಾಕ್‌ಹ್ಯಾಂಡ್ ಮಗ್ಗುಲಿಗೆ ಲಾಂಗ್ ಪಿಂಪಲ್ಸ್, ಅಂದರೆ ಉದ್ದುದ್ದ ಮೊನೆಗಳಿರುವ ರಬ್ಬರ್. ನೀವು ಬಾಲನ್ನು ಮುಂದಕ್ಕೆ ತಿರುಗಿಸಿ ಟಾಪ್‌ಸ್ಪಿನ್ ಹೊಡೆದರೆ ಅದು ಹಿಂದಕ್ಕೆ ತಿರುಗುವ ಭಾರವಾದ ಬ್ಯಾಕ್‌ಸ್ಪಿನ್ ಆಗಿ ವಾಪಸ್ ಬರುತ್ತದೆ. ಡಬಲ್ಸ್‌ನಲ್ಲಿ ಜೋಡಿಯವರು ಒಬ್ಬರಾದ ಮೇಲೆ ಒಬ್ಬರು ಹೊಡೆಯಬೇಕು. ಮೊದಲ ಗೇಮಿನಲ್ಲಿ ಹಿರಿಯರ ಬಾಲ್ ಪ್ರತಿ ಸಲ ಹುಡುಗಿಗೇ ಬಂತು. ಹೊಡೆದದ್ದೆಲ್ಲ ನೆಟ್ಟಿಗೆ. ಗೇಮ್ ಹೋಯಿತು.

"ಪುಟ್ಟಿ, ಜೋರು ಬೇಡ. ಸುಮ್ನೆ ತಳ್ಳು, ಅವರ ಫೋರ್‌ಹ್ಯಾಂಡಿಗೆ," ಅಂದರು ಮೇಷ್ಟ್ರು.

ಎರಡನೇ ಗೇಮಿನಲ್ಲಿ ಸರದಿ ಬದಲಾಯಿತು. ಈಗ ಹಿರಿಯರಿಗೆ ಬಾಲ್ ಕಳಿಸುವ ಪಾಳಿ ಅವಳದು. ಹೇಳಿದಂತೆ ಉದ್ದಕ್ಕೆ, ನಿಧಾನಕ್ಕೆ ತಳ್ಳುತ್ತಾ ಹೋದಳು. ಪಿಂಪಲ್ಸ್ ಇರುವ ಮಗ್ಗುಲಿಗೆ ಬಾಲೇ ಸಿಗಲಿಲ್ಲ. 10-10. ಸೊಸೆಯ ಸರ್ವ್ ಸ್ವಲ್ಪ ಎತ್ತರಕ್ಕೆ ಎದ್ದಿತು. ಹುಡುಗಿ ಅದನ್ನು ಬ್ಯಾಕ್‌ಹ್ಯಾಂಡಿನಲ್ಲಿ ಸೈಡ್‌ಲೈನಿಗೆ ಚಚ್ಚಿದಳು. ಗೇಮ್ ನಮ್ಮದು. ಅವಳ ಅಮ್ಮ ಕುರ್ಚಿ ಬಿಟ್ಟು ಎದ್ದು ನಿಂತಿದ್ದರು. ಮೂರನೆಯದು ಚಿಕ್ಕಮಗಳೂರಿನವರ ಪಾಲಾಯಿತು. ಟೈ 8-7. ಸೋತರೂ ಹಾಸನದ ಖಾತೆಗೆ ಏಳು ಅಂಕ ಬಂತು, ಅದರಲ್ಲಿ ಕೊನೆಯದು ಅವಳು ತಂದದ್ದು.

ಲೀಗಿನ ರೂಢಿಯಂತೆ ಊಟ ಆತಿಥೇಯರದು. ಬೆಳೆಗಾರರ ಮನೆಯಲ್ಲಿ ಬಿಸಿ ಅಕ್ಕಿ ರೊಟ್ಟಿ, ಕಳಲೆ ಪಲ್ಯ. ಕಳಲೆ ಮಳೆಗಾಲದಲ್ಲಿ ಮಾತ್ರ ಸಿಗುವ ಭಾಗ್ಯ, ನಾನು ಎರಡು ಸಲ ಬಡಿಸಿಕೊಂಡೆ. ಊಟವಾದ ಮೇಲೆ ಹಿರಿಯರು ಹುಡುಗಿಯ ಕೈಗೆ ತಮ್ಮ ಬ್ಯಾಟ್ ಕೊಟ್ಟು, ಪಿಂಪಲ್ಸ್ ಬಗ್ಗುವ ರೀತಿಯನ್ನು ಬೆರಳಿಂದ ಒತ್ತಿ ತೋರಿಸಿದರು. ಅವಳು ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಲೇ ಇದ್ದಳು.

ಮುಂದಿನ ಪಂದ್ಯ ಹಾಸನದಲ್ಲಿ, ಸಕಲೇಶಪುರದವರ ಮೇಲೆ. ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆಗೆದರೆ ಊರಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ. ಅದಕ್ಕೇ ದಸರಾ ಮುಗಿದ ಮೊದಲ ಭಾನುವಾರ ಅಂತ ಗೊತ್ತು ಮಾಡಿದ್ದಾರೆ. ನಾನೂ ಬಸ್ ಟಿಕೆಟ್ ಬುಕ್ ಮಾಡಿಯಾಯಿತು.