ವೃಷಭಾವತಿಯ ನೀರು, ನಮ್ಮ ತಟ್ಟೆಯ ಸೊಪ್ಪು

ಬೆಂಗಳೂರಿನ ಬಸವನಗುಡಿಯಲ್ಲಿ ಹುಟ್ಟುವ ವೃಷಭಾವತಿಯು ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ಹಾದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಮುಂದೆ ಸಂಗಮದಲ್ಲಿ ಕಾವೇರಿಯೊಡನೆ ಬೆರೆಯುತ್ತದೆ. ಊರಿನ ಕೊಳಚೆಯ ಜೊತೆಗೆ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ತ್ಯಾಜ್ಯನೀರೂ ಇದರಲ್ಲಿ ಹರಿಯುವುದರಿಂದ, ಲೋಹಲೇಪನ ಘಟಕಗಳ ಕ್ರೋಮಿಯಂ, ನಿಕ್ಕಲ್, ಸತು ಮೊದಲಾದವು ಹೂಳಿನಲ್ಲಿ ಶೇಖರವಾಗುತ್ತವೆ.

ನೊರೆ ಮತ್ತು ದುರ್ವಾಸನೆಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಕಣ್ಣಿಗೂ ಮೂಗಿಗೂ ಸಿಗದ ಈ ಭಾಗ. ಸಾವಯವ ಕೊಳೆಯನ್ನು ಸೂಕ್ಷ್ಮಜೀವಿಗಳು ಕ್ರಮೇಣ ಅರಗಿಸಬಲ್ಲವು; ಲೋಹವನ್ನು ಯಾವ ಜೀವಿಯೂ ಒಡೆದು ಇಲ್ಲವಾಗಿಸಲಾರದು. ಅದು ಹೂಳಿನ ಹುಳುಗಳ ಮೂಲಕ ಮೀನಿಗೂ, ಮೀನು ತಿನ್ನುವ ಕೊಕ್ಕರೆ, ನೀರುಕಾಗೆಗಳಿಗೂ ದಾಟುತ್ತದೆ.

ಇಂಥ ನೀರಿನಲ್ಲಿ ಬೆಳೆದ ಪಾಲಕ್, ದಂಟು ಮುಂತಾದ ಸೊಪ್ಪುಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಸೀಸ ಬಹುಪಾಲು ಬೇರಿನಲ್ಲಿ ಉಳಿಯುತ್ತದೆ ಅಥವಾ ಧೂಳಾಗಿ ಎಲೆಯ ಮೇಲೆ ಕೂರುತ್ತದೆ. ಇನ್ನೊಂದು ವಿಷಲೋಹವಾದ ಕ್ಯಾಡ್ಮಿಯಂ ಬೇರಿನಿಂದ ಎಲೆಗೆ ಸುಲಭವಾಗಿ ಏರುತ್ತದೆ. ಹೀಗಾಗಿ ಚೆನ್ನಾಗಿ ತೊಳೆದರೆ ಸೀಸ ಸ್ವಲ್ಪ ಕಡಿಮೆಯಾದೀತು, ಕ್ಯಾಡ್ಮಿಯಂ ಹೋಗದು. ಸೊಪ್ಪಿನಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಇಟ್ಟಿರುವ ಮಿತಿ ಕಿಲೋಗೆ 0.2 ಮಿಲಿಗ್ರಾಂ. ಮೂತ್ರಪಿಂಡ ಸೇರಿದ ಕ್ಯಾಡ್ಮಿಯಂನಲ್ಲಿ ಅರ್ಧದಷ್ಟು ಹೊರಹೋಗಲು 10ರಿಂದ 30 ವರ್ಷ ಬೇಕು. ಜಪಾನಿನ ಜಿನ್ಜು ನದಿಯ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಅನ್ನದ ಮೂಲಕ ಮೈ ಸೇರಿ ಮೂಳೆಗಳನ್ನೇ ಮುರಿಯುವಂತೆ ಮಾಡಿದ್ದನ್ನು ಅಲ್ಲಿನ ಸರ್ಕಾರ 1968ರಲ್ಲಿ ಅಧಿಕೃತವಾಗಿ ಒಪ್ಪಿಕೊಂಡಿತು.

ಬೇರೆ ನೀರಿಲ್ಲದ ರೈತರನ್ನು ದೂರುವುದು ಅನ್ಯಾಯ. ಕೊಳಚೆ ಸಂಸ್ಕರಣಾ ಘಟಕಗಳನ್ನು ಕಟ್ಟಿರುವುದು ಮುಖ್ಯವಾಗಿ ಸಾವಯವ ಕೊಳೆಗಾಗಿ. ಅಲ್ಲಿ ನೀರಿನಿಂದ ಬೇರ್ಪಟ್ಟ ಲೋಹ ಕೆಸರಿನಲ್ಲಿ ಉಳಿಯುತ್ತದೆ, ಆ ಕೆಸರು ಗೊಬ್ಬರವಾಗಿ ಹೊಲ ಸೇರಿದರೆ ಲೋಹವೂ ಹೊಲ ಸೇರುತ್ತದೆ. ಆದ್ದರಿಂದ ಲೋಹವನ್ನು ಕಾರ್ಖಾನೆಯ ಅಂಗಳದಲ್ಲೇ, ಚರಂಡಿಗೆ ಬೆರೆಯುವ ಮೊದಲೇ ಹಿಡಿಯಬೇಕು.