ಏಕಾಂತದ ರಾಮಯ್ಯ ನಿಜವಾಗಿಯೂ ತಲೆ ಕಡಿದುಕೊಂಡನಾ?

ಹಾವೇರಿ ಕಡೆ ಇತಿಹಾಸ ಪಾಠ ಮಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. "ಸರ್, ಆ ರಾಮಯ್ಯ ಖರೇನ ತಲಿ ಕಡಕೊಂಡಿದ್ನೇನ್ರೀ?" ಕಾಲೇಜು ಹುಡುಗರು ಕೇಳುತ್ತಾರೆ, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತ ಹಿರಿಯರೂ ಕೇಳುತ್ತಾರೆ. ಕೆಲವರಿಗೆ ನಾನು ಹೌದು ಅನ್ನಬೇಕು. ಇನ್ನು ಕೆಲವರಿಗೆ ಎಲ್ಲಾ ಬುರುಡೆ ಅನ್ನಬೇಕು. ಎರಡೂ ಅನ್ನದಿದ್ದರೆ ಜಾರಿಕೊಂಡರು ಅನ್ನುತ್ತಾರೆ. ಅದಕ್ಕೇ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಹಿರೇಕೆರೂರು ತಾಲೂಕಿನ ಅಬಲೂರು. ಸರ್ವಜ್ಞನ ಹೆಸರಿನ ಜೊತೆ ಕೇಳಿರುತ್ತೀರಿ. ಅಲ್ಲಿಯ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಒಂದು ಶಾಸನ ಇದೆ. ಅದು ಹೇಳುವುದು ಹೀಗೆ: ಆಳಂದದ ರಾಮಯ್ಯ ಶಿವನನ್ನು ಬಿಟ್ಟು ಬೇರೆ ಯಾರಿಗೂ ಕೈ ಮುಗಿಯದವನು. ಪುಲಿಗೆರೆಯ, ಅಂದರೆ ಈಗಿನ ಲಕ್ಷ್ಮೇಶ್ವರದ, ಸೋಮನಾಥನ ಅಪ್ಪಣೆ ಪಡೆದು ಅಬ್ಬಲೂರಿಗೆ ಬರುತ್ತಾನೆ. ಊರಗೌಡ ಶಂಕಗಾವುಂಡನ ಕಡೆಯ ಜೈನರಿಗೂ ಇವನಿಗೂ ವಾದ ಹತ್ತಿಕೊಳ್ಳುತ್ತದೆ. ತಲೆ ಕಡಿದು ಶಿವನಿಗೆ ಒಪ್ಪಿಸಿ ಮತ್ತೆ ಪಡೆದರೆ, ಜಿನನನ್ನು ತೆಗೆದು ಶಿವನನ್ನು ಕೂರಿಸುತ್ತೇವೆ ಅಂತ ಜೈನರು ಓಲೆ ಬರೆದುಕೊಡುತ್ತಾರೆ. ಏಳು ದಿನದ ಮೇಲೆ ತಲೆ ಕೂಡುತ್ತದೆ. ಗಾಯದ ಗುರುತೂ ಇಲ್ಲ. ಜೈನರು ಮಾತಿಗೆ ತಪ್ಪುತ್ತಾರೆ, ಇವನು ಜಿನಮೂರ್ತಿ ಒಡೆಯುತ್ತಾನೆ. ದೂರು ಕಲ್ಯಾಣದ ದೊರೆ ಬಿಜ್ಜಳನ ಮುಂದೆ ಹೋಗುತ್ತದೆ. ರಾಮಯ್ಯ ಓಲೆ ತೋರಿಸುತ್ತಾನೆ. ಬೇಕಾದರೆ ಇನ್ನೊಮ್ಮೆ ಕಡಿದುಕೊಳ್ಳುತ್ತೇನೆ, ನಿಮ್ಮ ಬಸದಿಗಳನ್ನೆಲ್ಲ ಪಣಕ್ಕಿಡಿ ಅನ್ನುತ್ತಾನೆ. ಅವರು ಹಿಂದೆ ಸರಿಯುತ್ತಾರೆ, ಬಿಜ್ಜಳ ಜಯಪತ್ರ ಕೊಡುತ್ತಾನೆ.

ಕಡಿದ ತಲೆ ಮತ್ತೆ ಕೂಡುವುದಿಲ್ಲ. ಇದನ್ನು ಹೇಳೋದಕ್ಕೆ ಇತಿಹಾಸದ ಮಾಸ್ತರ ಬೇಕಾಗಿಲ್ಲ. ಆದರೆ ಕೇಳುವವರೆಲ್ಲ ಪವಾಡಕ್ಕೇ ನಿಂತುಬಿಡುತ್ತಾರೆ, ಮುಂದಿನ ಸಾಲು ಯಾರೂ ಓದುವುದಿಲ್ಲ. ನನಗೆ ಜಾಸ್ತಿ ರುಚಿ ಇರುವುದೇ ಅಲ್ಲಿ. ಬಿಜ್ಜಳ ಗುಡಿಗೆ ಒಂದು ಊರು ಬಿಟ್ಟುಕೊಟ್ಟ. ಆಮೇಲೆ ಚಾಲುಕ್ಯರ ನಾಲ್ಕನೇ ಸೋಮೇಶ್ವರ ಇನ್ನೊಂದು ಊರು ಕೊಟ್ಟ. ಅದಾದ ಮೇಲೆ ಹಾನಗಲ್ಲ ಕದಂಬರ ಕಾಮದೇವ ಮತ್ತೊಂದು. ಬಿಜ್ಜಳ ಅಂದರೆ ಚಾಲುಕ್ಯರ ಗದ್ದುಗೆಯನ್ನೇ ಕಿತ್ತುಕೊಂಡವನು. ಸೋಮೇಶ್ವರ ಅದನ್ನು ತಿರುಗಿ ಪಡೆದವನು. ಹಗೆಯ ಮನೆತನಗಳು ಒಂದೇ ಗುಡಿಗೆ ಊರು ಕೊಟ್ಟಿವೆ ನೋಡಿ. ಈಗಿನ ಮಾತಲ್ಲಿ ಹೇಳಬೇಕಂದರೆ ಆ ಕಲ್ಲು ಗುಡಿಯ ಉತಾರ, ಅಂದರೆ ಆಸ್ತಿಯ ದಾಖಲೆ. ಈ ಊರುಗಳು ನಮ್ಮವು ಅಂತ ಕಡೆಗೆ ಬರೆದಿದೆ. ಯಾಕೆ ನಮ್ಮವು ಅನ್ನುವುದಕ್ಕೆ ಮೊದಲು ಕಥೆ ಇದೆ.

ಗುಡಿಯಲ್ಲಿ ಈ ಕಥೆಯ ಶಿಲ್ಪವೂ ಇದೆ. ಏಕಾಂತದ ರಾಮಯ್ಯ ಅಬ್ಬಲೂರ ಬಸದಿಯ ಜಿನನನ್ನು ಒಡೆದು ಲಿಂಗವನ್ನಿಟ್ಟ ಜಾಗ ಇದು ಎಂಬರ್ಥದ ಪುಟ್ಟ ಬರಹ ಅದಕ್ಕಿದೆ. ತಲೆಯ ವಿಷಯ ಅವರವರ ನಂಬಿಕೆಗೆ ಬಿಟ್ಟಿದ್ದು. ಒಡೆದದ್ದನ್ನು ಮಾತ್ರ ಒಡೆದ ಕಡೆಯವರೇ ಹೆಮ್ಮೆಯಿಂದ ಕೆತ್ತಿಸಿದ್ದಾರೆ. ಪೂಜೆಯ ಜಾಗಕ್ಕಾಗಿ ಇಲ್ಲೊಂದು ದೊಡ್ಡ ಜಗಳ ಆಗಿತ್ತು ಅನ್ನಲು ನನಗೆ ಇಷ್ಟು ಸಾಕು.

"ಬಿಜ್ಜಳ ಜೈನ ಅಲ್ವಾ ಸರ್, ಶಿವನ ಗುಡಿಗೆ ಊರು ಯಾಕೆ ಕೊಟ್ಟ?" ಇದು ಚುರುಕು ಹುಡುಗರ ಪ್ರಶ್ನೆ. ಅವನನ್ನು ಜೈನ ಅಂದದ್ದು ಮುಂದಿನ ಕಾಲದ ಪುರಾಣಗಳು. ಅವನ ಮನೆತನದ ಬಿರುದಿನಲ್ಲಿ ಇರುವುದು 'ಸುವರ್ಣ ವೃಷಭಧ್ವಜ', ಬಂಗಾರದ ನಂದಿಯ ಬಾವುಟ.

ಇದೇ ಶಾಸನ ದೊಡ್ಡ ವಿದ್ವಾಂಸರೊಬ್ಬರನ್ನೂ ದಾರಿ ತಪ್ಪಿಸಿತು. ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ ಅಬಲೂರಿನ ಶಾಸನಗಳನ್ನು 'ಎಪಿಗ್ರಾಫಿಯಾ ಇಂಡಿಕಾ'ದ 5ನೇ ಸಂಪುಟದಲ್ಲಿ ಪ್ರಕಟಿಸಿದರು. ಇದರಲ್ಲಿ ಬಸವಣ್ಣನ ಹೆಸರೇ ಇಲ್ಲವಲ್ಲ, ಹಾಗಾದರೆ ಲಿಂಗಾಯತರ ಚಳವಳಿಗೆ ನಿಜವಾದ ಮುಂದಾಳು ಈ ರಾಮಯ್ಯನೇ ಅಂತ ವಾದಿಸಿದರು. ಆಮೇಲೆ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ 1260ರ ಶಾಸನ ಸಿಕ್ಕಿತು. ಅದರಲ್ಲಿ ಸಂಗನಬಸವನ, ಅಂದರೆ ಬಸವಣ್ಣನ, ಹೆಸರೂ ಇದೆ, ವಂಶದ ವಿವರವೂ ಇದೆ. ಧಾರವಾಡದಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿದ ಮೇಲಂತೂ ಚರ್ಚೆಯ ನೆಲೆಯೇ ಬದಲಾಯಿತು. ಫ್ಲೀಟರ ಓದು ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಬಲೂರಿನ ಗುಡಿಯ ಉತಾರದಲ್ಲಿ ಕಲ್ಯಾಣದ ಮಂತ್ರಿ ಬಸವಣ್ಣನ ಹೆಸರು ಯಾಕಿರಬೇಕು?

ಕಲ್ಲಿನ ಬರಹವನ್ನು ಎಷ್ಟು ನಂಬಬೇಕು ಅನ್ನುವುದರ ಇನ್ನೊಂದು ಮಗ್ಗುಲು ಗದಗಿನ ತ್ರಿಕೂಟೇಶ್ವರ ಗುಡಿಯಲ್ಲಿ ಕಾಣುತ್ತದೆ. ಕಾಳಾಮುಖರು ಅಂದರೆ ಆಗಿನ ಒಂದು ಶೈವ ಪಂಥದವರು. ಅವರು ತಲೆಬುರುಡೆಯಲ್ಲಿ ಉಣ್ಣುವವರು, ಹೆಣದ ಬೂದಿ ಬಳಿದುಕೊಳ್ಳುವವರು ಅಂತ ರಾಮಾನುಜರು 'ಶ್ರೀಭಾಷ್ಯ'ದಲ್ಲಿ ಬರೆದಿದ್ದಾರೆ. ಗದಗಿನ 1192ರ ಹೊಯ್ಸಳ ಶಾಸನ ಓದಿದರೆ ಅಲ್ಲಿಯ ಕಾಳಾಮುಖ ಗುರು ಸಿದ್ಧಾಂತಿ ಚಂದ್ರಭೂಷಣ ಪಂಡಿತ ಶಾಸ್ತ್ರಗಳನ್ನು ಅರೆದು ಕುಡಿದವನ ಹಾಗೆ ಕಾಣುತ್ತಾನೆ. ಒಂದು ಎದುರಾಳಿಯ ಮಾತು, ಇನ್ನೊಂದು ಹೊಗಳುವವರ ಮಾತು. ಬುರುಡೆಯ ಮಾತಿಗೆ ನಾನು ಹೆಚ್ಚು ತೂಕ ಕೊಡುವುದಿಲ್ಲ. ಆದರೆ ಹೊಗಳಿಕೆಯಲ್ಲೂ ನಾಲ್ಕಾಣೆ ಕಳೆದೇ ಓದುತ್ತೇನೆ.

ಇಷ್ಟಾದ ಮೇಲೆ ಕೇಳುತ್ತಾರೆ, ಹಂಗಾದ್ರ ರಾಮಯ್ಯ ಇದ್ನೋ ಇಲ್ಲೋ? ಇದ್ದ ಅಂತಲೇ ನನ್ನ ಅಭಿಪ್ರಾಯ. ಬಿಜ್ಜಳನ ಕಾಲಕ್ಕೂ ಆ ಕಲ್ಲಿಗೂ ನಡುವೆ ಮೂವತ್ತು-ನಲವತ್ತು ವರ್ಷ ಅಷ್ಟೇ. ಅವನನ್ನು ಕಂಡವರು ಊರಲ್ಲಿ ಇನ್ನೂ ಇದ್ದಿರಬಹುದು. ಹರಿಹರ ಕವಿ ರಗಳೆ ಬರೆಯುವಷ್ಟು ಅವನ ಹೆಸರು ಹಬ್ಬಿತ್ತು. ನನ್ನ ಅನುಮಾನ ಇರುವುದು ಆ ಓಲೆಯ ಮೇಲೆ. ತಲೆ ಕೂಡಿದ್ದನ್ನು ಭಕ್ತರು ಮನಸಾರೆ ನಂಬಿರಬಹುದು. ಓಲೆ ಹಾಗಲ್ಲ, ಅದು ವ್ಯಾಜ್ಯ ಗೆಲ್ಲಿಸುವ ಕಾಗದ. ಸೋತರೆ ನಮ್ಮ ದೇವರನ್ನು ತೆಗೆಯುತ್ತೇವೆ ಅಂತ ಯಾವ ಊರಗೌಡ ಬರೆದುಕೊಡುತ್ತಾನೆ ಹೇಳಿ?